ಕಾಯುವವರೇ ಮಾರುವವರಾದರೆ?



‘ಕನ್ನಡ ಶಾಲೆ ಉಳಿಸಿ’ ಎಂದು ಗಂಟಲು ಹರಿಯುವಂತೆ ಕೂಗುತ್ತೇವೆ. ಕೂಗಲೇಬೇಕು. ಆದರೆ ಒಂದು ಮಾತು ಕೇಳುತ್ತೇನೆ. ನಿಮ್ಮ ಬಡಾವಣೆಯ ಸರ್ಕಾರಿ ಶಾಲೆಯ ಸಮಿತಿಗೆ ಅಧ್ಯಕ್ಷರು ಯಾರು? ಕಳೆದ ಸಭೆ ಯಾವತ್ತು ನಡೆಯಿತು? ಶೌಚಾಲಯದ ರಿಪೇರಿ ಮಾಡಿದವರು ಯಾರು, ಅವರಿಗೆ ಕೊಟ್ಟ ಹಣವೆಷ್ಟು? ಕ್ರಿಕೆಟ್ಟಿನ ಸ್ಕೋರು ನಾಲಿಗೆಯ ತುದಿಯಲ್ಲಿದೆ. ಇದು ಮಾತ್ರ ಗೊತ್ತಿಲ್ಲ. ಗೊತ್ತಿಲ್ಲದ ಕಡೆಯೇ ಹೆಗ್ಗಣ ಬಿಲ ತೋಡುವುದು!

ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನ ನಂತರ, 2001ರಲ್ಲಿ ನಮ್ಮ ಸರ್ಕಾರಿ ಶಾಲೆಗಳಿಗೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಜನ ಕರೆಯುವುದು ‘ಎಸ್‌ಡಿಎಂಸಿ’ ಎಂದು. 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಗೆ ದೇಶಾದ್ಯಂತ ಬಲ ಕೊಟ್ಟಿತು. ಆ ಕಾಯ್ದೆಯ 21ನೇ ಕಲಂ ಓದಿ. ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಭಾಗ ಮಕ್ಕಳ ತಂದೆ-ತಾಯಿ ಅಥವಾ ಪೋಷಕರೇ ಇರಬೇಕು. ಅರ್ಧದಷ್ಟು ಮಹಿಳೆಯರಿರಬೇಕು. ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಜಾಗ ಸಿಗಬೇಕು.

ಇವರ ಕೆಲಸವೇನು? ಆಗಸ್ಟ್ 15ಕ್ಕೆ ಹಾರ ಹಾಕಿಸಿಕೊಳ್ಳುವುದಲ್ಲ. ಮೇಷ್ಟ್ರ ಕುರ್ಚಿಯಲ್ಲಿ ಕೂತು ದರ್ಬಾರು ನಡೆಸುವುದೂ ಅಲ್ಲ. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಅಭಿವೃದ್ಧಿ ಯೋಜನೆ ತಯಾರಿಸಿ ಶಿಫಾರಸು ಮಾಡುವುದು, ಬಂದ ಅನುದಾನ ಸರಿಯಾಗಿ ಖರ್ಚಾಯಿತೇ ಎಂದು ಕಣ್ಣಿಡುವುದು. ಅಂದರೆ ಇವರು ಕಾವಲುಗಾರರು. ಮಾಲೀಕರಲ್ಲ.

ಈಗ ಒಂದು ಉದಾಹರಣೆ ಊಹಿಸಿಕೊಳ್ಳಿ. ಶಾಲೆಯ ಸೂರು ಸೋರುತ್ತಿದೆ. ರಿಪೇರಿಗೆ ಮೂರು ಕೊಟೇಶನ್ ಬಂದಿವೆ. ಒಂದು ಅಧ್ಯಕ್ಷರ ಭಾವಮೈದುನನದು. ಆತ ಒಳ್ಳೆಯ ಕೆಲಸಗಾರನೇ ಇರಬಹುದು. ಅಧ್ಯಕ್ಷರೂ ಒಂದು ಪೈಸೆ ಮುಟ್ಟದವರೇ ಇರಬಹುದು. ಆದರೂ ಅವರ ತಲೆಯ ಮೇಲೆ ಈಗ ಎರಡು ಪೇಟ ಕೂತಿವೆ. ಒಂದು ಶಾಲೆಯದು, ಇನ್ನೊಂದು ಮನೆಯದು. ಇದನ್ನೇ ಹಿತಾಸಕ್ತಿಯ ಸಂಘರ್ಷ ಎನ್ನುವುದು. ಅದು ಕಳ್ಳತನವಲ್ಲ. ಆದರೆ ಮುಚ್ಚಿಟ್ಟರೆ ಕಳ್ಳತನಕ್ಕೆ ಬಾಗಿಲು ತೆರೆದಿಟ್ಟಂತೆ.

‘ಭಾವಮೈದುನನ ಕೊಟೇಶನ್ ಬಂದಾಗ ಎರಡು ನಿಮಿಷ ಹೊರಗೆ ನಿಂತರಾಯಿತಲ್ಲ’ ಎನ್ನುತ್ತೀರಾ? ಸಾಲದು! ಸುಪ್ರೀಂ ಕೋರ್ಟ್ 1969ರಲ್ಲೇ, ಕ್ರೈಪಾಕ್ ಪ್ರಕರಣದಲ್ಲಿ, ಇದಕ್ಕೆ ಉತ್ತರ ಕೊಟ್ಟಿದೆ. ಜಮ್ಮು-ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ ಕೂತಿದ್ದ ಒಬ್ಬರು ಸ್ವತಃ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಬಂದಾಗ ಎದ್ದುಹೋದರು. ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತೇ ಇದ್ದರು. ಕೋರ್ಟು ಆ ಆಯ್ಕೆಯನ್ನೇ ರದ್ದು ಮಾಡಿತು. ಪಾಠ ಸ್ಪಷ್ಟ: ನನ್ನವನ ಚೀಟಿಯನ್ನು ತೂಗದಿದ್ದರೆ ಸಾಲದು, ಅವನ ಎದುರಾಳಿಯ ಚೀಟಿಯನ್ನೂ ನಾನು ತೂಗಬಾರದು.

ಆದ್ದರಿಂದ ಮೂರು ಕೆಲಸ. ಒಂದು, ಸಭೆ ಶುರುವಾಗುವಾಗಲೇ ‘ಇದರಲ್ಲಿ ನನ್ನ ಸಂಬಂಧವಿದೆ’ ಎಂದು ಬಾಯಿಬಿಟ್ಟು ಹೇಳುವುದು. ಎರಡು, ಆ ವಿಷಯ ಮುಗಿಯುವವರೆಗೆ ಹೊರಗಿರುವುದು. ಚರ್ಚೆಯೂ ಇಲ್ಲ, ಮತವೂ ಇಲ್ಲ, ಬಾಗಿಲ ಹಿಂದಿನ ಪಿಸುಮಾತೂ ಇಲ್ಲ. ಮೂರು, ಇದೆಲ್ಲವನ್ನೂ ನಡಾವಳಿ ಪುಸ್ತಕದಲ್ಲಿ ತಿಳಿಗನ್ನಡದಲ್ಲಿ ಬರೆಯುವುದು. ಇಂಗ್ಲೆಂಡಿನಲ್ಲಿ ಶಾಲಾ ಗವರ್ನರುಗಳು ತಮ್ಮ ವ್ಯವಹಾರ-ಸಂಬಂಧಗಳ ಪಟ್ಟಿಯನ್ನು ಶಾಲೆಯ ಅಂತರ್ಜಾಲ ತಾಣದಲ್ಲೇ ಜನರ ಮುಂದಿಡಬೇಕು. ನಮಗೆ ಅಷ್ಟು ದೂರ ಹೋಗಬೇಕಿಲ್ಲ. ನೋಟೀಸು ಬೋರ್ಡಿನ ಮೇಲೆ ಒಂದು ಹಾಳೆ ಅಂಟಿಸಿದರೆ ಸಾಕು.

ಮೇಷ್ಟ್ರಿಗೂ ಈ ಮಾತು ಅನ್ವಯಿಸುತ್ತದೆ. ತರಗತಿಯಲ್ಲಿ ಅರ್ಧ ಹೇಳಿ, ಉಳಿದರ್ಧವನ್ನು ಸಂಜೆಯ ಟ್ಯೂಷನ್ನಿನಲ್ಲಿ ಮಾರಿದರೆ ಅದೂ ಎರಡು ಪೇಟವೇ. ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಶಿಕ್ಷಕರ ಖಾಸಗಿ ಟ್ಯೂಷನ್ನನ್ನು ನಿಷೇಧಿಸಿರುವುದು ಸುಮ್ಮನೆ ಅಲ್ಲ.

‘ನಮಗಿನ್ನೂ ಮದುವೆಯೇ ಆಗಿಲ್ಲ, ಸಮಿತಿ ನಮಗೇಕೆ?’ ಎಂದು ನುಣುಚಿಕೊಳ್ಳಬೇಡಿ. ನಿಮ್ಮ ಅಕ್ಕನೋ, ಪಕ್ಕದ ಮನೆಯ ತಾಯಿಯೋ ಆ ಸಮಿತಿಯಲ್ಲಿರಬಹುದು. ಮನೆಗೆಲಸಕ್ಕೋ ಗಾರ್ಮೆಂಟ್ಸಿಗೋ ಓಡುವ ಗಡಿಬಿಡಿಯಲ್ಲಿ ‘ಇಲ್ಲೊಂದು ಸೈನ್ ಹಾಕಮ್ಮ’ ಎಂದರೆ ಹಾಕಿಬಿಡುತ್ತಾರೆ. ಆ ಸಹಿಯ ಬಲದಲ್ಲಿ ಅನುದಾನ ಕರಗುತ್ತದೆ. ಹೆಣ್ಣುಮಕ್ಕಳಿಗೆ ಅರ್ಧ ಜಾಗ ಕೊಟ್ಟ ಕಾನೂನು ಹೆಬ್ಬೆಟ್ಟಿಗಲ್ಲ, ಬಾಯಿಗೆ ಕೊಟ್ಟದ್ದು. ಅವರ ಪಕ್ಕ ಕೂತು ನಡಾವಳಿ ಓದಿ ಹೇಳಿ. ಖಾಲಿ ಹಾಳೆಗೆ ಸಹಿ ಬೇಡ ಎಂದು ಹೇಳಿ. ಲೆಕ್ಕ ಕೊಡುವುದಿಲ್ಲ ಎಂದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಲೇಬೇಕು.

ಆದರೆ ಎಚ್ಚರ! ನಾಳೆ ನೀವೇ ಆ ಕುರ್ಚಿಯಲ್ಲಿ ಕೂರುತ್ತೀರಿ. ಆಗ ಕೊಟೇಶನ್ ತರುವವನು ನಮ್ಮ ಸಂಘಟನೆಯ ಗೆಳೆಯನೇ ಆಗಿರಬಹುದು. ‘ನಮ್ಮ ಹುಡುಗ, ಹೋಗಲಿ ಬಿಡಿ’ ಎಂದಿರೋ, ಅಲ್ಲಿಗೆ ಮುಗಿಯಿತು. ಬೇರೆಯವರಿಗೆ ಹಿಡಿದ ಅಳತೆಗೋಲನ್ನೇ ನಮ್ಮವನಿಗೂ ಹಿಡಿಯಬೇಕು. ಬೇಲಿಯೇ ಎದ್ದು ಹೊಲ ಮೇಯ್ದರೆ ಬೆಳೆ ಯಾರ ಪಾಲಿಗೆ?

ಈ ವಾರವೇ ನಿಮ್ಮ ಶಾಲೆಗೆ ಹೋಗಿ. ಮುಂದಿನ ಸಭೆ ಯಾವಾಗ ಎಂದು ಕೇಳಿ. ಕೂಗು ಆಮೇಲೆ, ಲೆಕ್ಕ ಮೊದಲು.