ಆಸ್ಟ್ರೇಲಿಯನ್ ಶೆಫರ್ಡ್ ನಾಯಿಗಳಲ್ಲಿ ಹುಟ್ಟು ಕುರುಡು ಮತ್ತು ಕಿವುಡು
(ಪಶುಪಾಲನಾ ಮಾಹಿತಿ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಆಸ್ಟ್ರೇಲಿಯನ್ ಶೆಫರ್ಡ್ ಎಂಬ ಹೆಸರಿನಲ್ಲಿ ಆಸ್ಟ್ರೇಲಿಯ ಇದ್ದರೂ, ಈ ನಾಯಿ ತಳಿಯಾಗಿ ರೂಪುಗೊಂಡದ್ದು ಅಮೆರಿಕದ ಪಶ್ಚಿಮ ಭಾಗದ ಕುರಿ ಮತ್ತು ದನಗಳ ಸಾಕಣೆ ಪ್ರದೇಶಗಳಲ್ಲಿ. ಕುರಿಗಾಹಿಯ ಸಿಳ್ಳನ್ನೂ ಕೈಸನ್ನೆಯನ್ನೂ ದೂರದಿಂದಲೇ ಗ್ರಹಿಸಿ ಹಿಂಡನ್ನು ತಿರುಗಿಸುವುದು ಇದರ ಕಸುಬು. ಇಂತಹ ಪ್ರಾಣಿಗೆ ಕಣ್ಣು ಕಿವಿಗಳ ದೋಷ ಸಣ್ಣ ಊನವಲ್ಲ.

ಈ ತಳಿಯಲ್ಲಿ ಬಹಳ ಮೆಚ್ಚುಗೆ ಪಡೆದ ಬಣ್ಣವೊಂದಿದೆ. ಬೂದು ಅಥವಾ ತಿಳಿಗೆಂಪು ಮೈಯ ಮೇಲೆ ಗಾಢವಾದ ಮಚ್ಚೆಗಳು, ಅನೇಕ ವೇಳೆ ನೀಲಿ ಕಣ್ಣು. ಇದನ್ನು ಮರ್ಲ್ ಎನ್ನುತ್ತಾರೆ. ಇದಕ್ಕೆ ಕಾರಣವಾದ ವಂಶವಾಹಿಯ ಮಾರ್ಪಾಡನ್ನು 2006ರಲ್ಲಿ ಗುರುತಿಸಲಾಯಿತು. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ಗುಣ ಬಂದರೆ ಮರಿಗೆ ಸಾಮಾನ್ಯವಾಗಿ ತೊಂದರೆ ಕಡಿಮೆ. ಮರ್ಲ್ ಗಂಡಿಗೆ ಮರ್ಲ್ ಹೆಣ್ಣನ್ನೇ ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ಎರಡೂ ಕಡೆಯಿಂದ ಅದನ್ನು ಪಡೆಯುತ್ತದೆ. ಅಂತಹ ಮರಿಯ ಮೈ ಬಹುಪಾಲು ಬಿಳಿ. ಒಳಕಿವಿಯಲ್ಲಿ ಶ್ರವಣಕೋಶಗಳ ಪೋಷಣೆಗೆ ವರ್ಣಕೋಶಗಳು ಅವಶ್ಯಕ. ಅವು ಇಲ್ಲದಿದ್ದಾಗ ಹುಟ್ಟಿದ ಕೆಲವೇ ವಾರಗಳಲ್ಲಿ ಶ್ರವಣಕೋಶಗಳು ನಶಿಸುತ್ತವೆ. ಕಣ್ಣುಗುಡ್ಡೆ ಚಿಕ್ಕದಾಗಿ, ಪಾಪೆ ನಡುವಿನಿಂದ ಸರಿದು, ದೃಷ್ಟಿ ಕುಂದಬಹುದು ಅಥವಾ ಇಲ್ಲವೇ ಆಗಬಹುದು. ಇದಕ್ಕೆ ಔಷಧವಿಲ್ಲ. ಇಷ್ಟಾದರೂ ಇಂತಹ ಮರಿಗಳನ್ನು ಅಪರೂಪದ ಬಿಳಿ ಎಂದು ಹೊಗಳಿ ಮಾರುವವರಿದ್ದಾರೆ ಎಂಬುದು ವಿಷಾದದ ಸಂಗತಿ.

ಮೇಲ್ನೋಟಕ್ಕೆ ಒಂದೇ ಬಣ್ಣದ್ದಾಗಿ ಕಾಣುವ ನಾಯಿಯೂ ಈ ಗುಣವನ್ನು ಅಡಗಿಸಿಕೊಂಡಿರಬಹುದು. ಆದ್ದರಿಂದ ಕೂಡಿಸುವ ಮುನ್ನ ಡಿಎನ್‌ಎ ಪರೀಕ್ಷೆಯೇ ಭರವಸೆಯ ದಾರಿ.

ಮರಿಯ ಕಿವಿಯನ್ನು ಪರೀಕ್ಷಿಸಲು ಎದುರು ನಿಂತು ಚಪ್ಪಾಳೆ ತಟ್ಟುವುದು ವ್ಯರ್ಥ. ಕೈಯ ಚಲನೆಯನ್ನು ಕಂಡೋ, ನೆಲದ ಕಂಪನವನ್ನು ಅರಿತೋ ಕಿವುಡು ಮರಿಯೂ ತಿರುಗುತ್ತದೆ. ಅದು ಮಲಗಿ ನಿದ್ರಿಸುವಾಗ ಕಾಣದ ಕಡೆಯಿಂದ ಸದ್ದು ಮಾಡಿ ನೋಡಬೇಕು. ಒಂದೇ ಕಿವಿ ಕೇಳದಿದ್ದರೆ ಇದರಿಂದಲೂ ತಿಳಿಯದು. ಮಿದುಳಿನ ಶ್ರವಣ ಪ್ರತಿಕ್ರಿಯೆಯನ್ನು ಯಂತ್ರದಿಂದ ಅಳೆಯಬೇಕಾಗುತ್ತದೆ.

ಕುರಿ ಸಾಕುವವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಈ ತಳಿಯ ಅನೇಕ ನಾಯಿಗಳಲ್ಲಿ, ಕಾಲಿ ತಳಿಯಲ್ಲಿರುವಂತೆಯೇ, ಕೆಲವು ಔಷಧಗಳನ್ನು ಮಿದುಳಿನಿಂದ ಹೊರಗಿಡುವ ವ್ಯವಸ್ಥೆ ದುರ್ಬಲವಾಗಿರುತ್ತದೆ. ಕುರಿಗಳ ಜಂತು ನಿವಾರಣೆಗೆ ತಂದ ಐವರ್ಮೆಕ್ಟಿನ್ ಉಳಿಯಿತೆಂದು, ಕಿವಿಯ ನುಸಿ ಹೋಗಲೆಂದು ಅಂದಾಜಿನಲ್ಲಿ ಹಾಕಿದರೆ ಪಾಪೆ ಹಿಗ್ಗಿ ಕಣ್ಣು ಕಾಣದಂತಾಗಬಹುದು. ತೂರಾಡುವಿಕೆ, ಪ್ರಜ್ಞಾಹೀನತೆ, ಸಾವು ಕೂಡ ಸಂಭವಿಸಬಹುದು. ಆ ಔಷಧ ಹಾಕಿದ ಕುರಿಯ ಹಿಕ್ಕೆಯನ್ನು ನಾಯಿ ತಿಂದರೂ ಅಪಾಯವುಂಟು. ಪಶುವೈದ್ಯರ ಸಲಹೆಯಿಲ್ಲದೆ ಇದನ್ನು ಬಳಸಬಾರದು.

ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟಕ್ಕೆ ಸಂಬಂಧಿಸಿದ 2017ರ ಕೇಂದ್ರ ನಿಯಮಗಳಂತೆ ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹುಟ್ಟು ಕಿವುಡು ಆ ವೇಳೆಗೆ ಪತ್ತೆಹಚ್ಚಬಹುದಾದಷ್ಟು ಸ್ಪಷ್ಟವಾಗಿರುತ್ತದೆ. ಆದುದರಿಂದ ಕೊಳ್ಳುವವರು ನೋಂದಣಿ ಪತ್ರವನ್ನೂ, ಮರಿಯ ತಂದೆ ತಾಯಿ ಎರಡನ್ನೂ ತೋರಿಸುವಂತೆ ಕೇಳತಕ್ಕದ್ದು. ಎರಡೂ ಮಚ್ಚೆಬಣ್ಣದವಾಗಿದ್ದರೆ ಆ ಮರಿಯನ್ನು ಕಣ್ಣು ಕಿವಿಗಳ ಪರೀಕ್ಷೆಯಾಗದೆ ಕೊಳ್ಳಬಾರದು.