ಗುಜರಿಯ ತಕ್ಕಡಿ

ನಗರ ಬಿಸುಟದ್ದರಲ್ಲಿ ಬದುಕು ಅರಸುವವರನ್ನು ಕುರಿತು ಎರಡು ಮಾತು ಹೇಳಬಯಸುತ್ತೇನೆ.

ಬೆಂಗಳೂರಿನಲ್ಲಿ ನಸುಕಿಗೇ ಎದ್ದು ರಟ್ಟು, ಬಾಟಲಿ, ತಗಡು ಆಯುವ ಹೆಂಗಸು ಅವನ್ನು ಗುಜರಿ ಅಂಗಡಿಯಲ್ಲಿ ತೂಗಿಕೊಡುತ್ತಾಳೆ. ಅಲ್ಲಿಂದ ಮಾಲು ಜಾಲಿ ಮೊಹಲ್ಲಾದ ಸಗಟು ವ್ಯಾಪಾರಿಗೆ. ಪ್ಲಾಸ್ಟಿಕ್ಕಾದರೆ ನಾಯಂಡಹಳ್ಳಿಯ ಯಂತ್ರಗಳಿಗೆ. ಕೈ ಬದಲಾದಂತೆಲ್ಲ ಬೆಲೆ ಏರುತ್ತದೆ, ಮೊದಲ ಕೈಗೆ ಮಾತ್ರ ಏರದು. ದುಡಿಮೆ ಸಾಲದೆಂದಲ್ಲ. ಮಾಲು ಕೂಡಿಟ್ಟು ಒಳ್ಳೆಯ ದರಕ್ಕೆ ಕಾಯಲು ಗುಡಿಸಲಿನಲ್ಲಿ ಜಾಗವಿಲ್ಲ; ಒಲೆ ಈ ರಾತ್ರಿಯೇ ಉರಿಯಬೇಕು. ಗುಜರಿಯವನಿಂದ ಮುಂಗಡ ಪಡೆದಿದ್ದರಂತೂ ಬೇರೆ ತಕ್ಕಡಿಗೆ ಹೋಗುವಂತಿಲ್ಲ. ಅವನೂ ದೊಡ್ಡ ಸಾಹುಕಾರನೇನಲ್ಲವೆನ್ನಿ.

2011ರಿಂದ ಇಲ್ಲಿ ಆಯುವವರಿಗೆ ಗುರುತಿನ ಚೀಟಿ ದೊರೆತಿದೆ. 2016ರ ಕೇಂದ್ರ ನಿಯಮಗಳೂ ಅವರನ್ನು ಹೆಸರಿಸಿದವು. ಚೀಟಿಯಿಂದ ಕಾಟ ತಗ್ಗೀತು, ದಾಸ್ತಾನಿಡುವ ನೆಲ ಸಿಕ್ಕದು. ಕೆಲವು ವಾರ್ಡುಗಳ ಒಣಕಸ ಕೇಂದ್ರಗಳನ್ನು ಹಿಂದೆ ಆಯುತ್ತಿದ್ದವರೇ ನಡೆಸುತ್ತಿರುವುದು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅಲ್ಲಿ ಸೂರಿದೆ; ತಕ್ಕಡಿಯೂ ಅವರದೇ.