ಕತ್ತರಿ, ಗೋಂದು, ಹಳೆಯ ಕಾರ್ಡು
(ಭಾಷಣದ ಸಾರ)

ಚಿತ್ರಕಲೆಗೂ ದುಡಿಯುವ ಜನರಿಗೂ ಏನು ಸಂಬಂಧವೆಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಗಿರಣಿಯವರಿಗೂ ಅಂಗಡಿಯವರಿಗೂ ಕತ್ತರಿ, ಗೋಂದು ಗೊತ್ತು. ಇವೆರಡರಿಂದಲೇ ಅಧಿಕಾರದ ಸುಳ್ಳನ್ನು ಬಯಲಿಗೆಳೆದವರ ವಿಷಯವನ್ನು ನಾವು ಇಂದು ಹೇಳಬೇಕೆಂದಿದ್ದೇವೆ.

ಮೊದಲನೆಯ ಮಹಾಯುದ್ಧದ ಕಾಲದ ಜರ್ಮನಿ. ಅಂದಿನ ಚಿತ್ರದ ಕಾರ್ಡುಗಳಲ್ಲಿ ನಗುವ ಸಿಪಾಯಿ, ಹಾರುವ ಬಾವುಟ. ಕಂದಕದ ಕೆಸರಿಲ್ಲ, ಮನೆಯ ಹಸಿವಿಲ್ಲ. ಇದ್ದದ್ದನ್ನು ಬರೆದರೆ ಸೆನ್ಸಾರಿನವರು ಬಿಡುತ್ತಿರಲಿಲ್ಲ. ಆಗ ಜಾರ್ಜ್ ಗ್ರೋಸ್, ಜಾನ್ ಹಾರ್ಟ್‌ಫೀಲ್ಡ್ ಎಂಬ ಕಲಾವಿದರು ಜಾಹೀರಾತು, ಪತ್ರಿಕೆಗಳ ಚೂರುಗಳನ್ನು ಕಾರ್ಡಿನ ಮೇಲೆ ಅಂಟಿಸಿದರು. ಬರೆದರೆ ತಡೆಯುತ್ತಿದ್ದ ಮಾತನ್ನು ಹೀಗೆ ಚಿತ್ರದಲ್ಲಿ ಹೇಳಿದೆವೆಂದು ಗ್ರೋಸ್ ಮುಂದೆ ನೆನೆದರು.

1932ರಲ್ಲಿ ಕಾರ್ಮಿಕರ ಸಚಿತ್ರ ವಾರಪತ್ರಿಕೆಯೊಂದರಲ್ಲಿ ಹಾರ್ಟ್‌ಫೀಲ್ಡ್ ಅವರು ಹಿಟ್ಲರನ ಎದೆಯನ್ನು ಎಕ್ಸ್‌ರೇಯಂತೆ ತೋರಿಸಿದರು: ಬೆನ್ನೆಲುಬಿನ ಜಾಗದಲ್ಲಿ ಚಿನ್ನದ ನಾಣ್ಯಗಳ ಸಾಲು! ಬಡವರ ಹೆಸರಿನಲ್ಲಿ ಕೂಗುವವನ ಹೊಟ್ಟೆಯೊಳಗೆ ಏನಿದೆಯೆಂಬುದು ಅಕ್ಷರ ಬಾರದವರಿಗೂ ತಿಳಿಯುವಂತಿತ್ತು. ಮರುವರ್ಷ ಅವರು ಪ್ರಾಗ್ ನಗರಕ್ಕೆ ತಪ್ಪಿಸಿಕೊಂಡು ಹೋಗಬೇಕಾಯಿತು. ಅಲ್ಲಿಯೂ ಕತ್ತರಿಯನ್ನು ಕೆಳಗಿಡಲಿಲ್ಲ.

ಆದರೆ ಬಂಧುಗಳೇ, ಕತ್ತರಿ ಆಳುವವರ ಕೈಯಲ್ಲಿಯೂ ಇದೆ. ಸ್ಟಾಲಿನ್ ಜೊತೆ ಕಾಲುವೆಯ ದಂಡೆಯ ಮೇಲೆ ನಿಂತಿದ್ದ ಪೊಲೀಸ್ ಮುಖ್ಯಸ್ಥ ಯೆಜೋವ್ 1940ರಲ್ಲಿ ಗುಂಡಿಗೆ ಬಲಿಯಾದ. ಬಳಿಕ ಆ ಚಿತ್ರದಿಂದಲೂ ಮಾಯವಾದ. ಅವನು ನಿಂತಿದ್ದ ಕಡೆ ಬರಿಯ ನೀರು! ಸಮಾಜವಾದದ ಹೆಸರಿನಲ್ಲಿ ನಡೆದರೂ ಮೋಸ ಮೋಸವೇ.

ಹಾಗಾದರೆ ವ್ಯತ್ಯಾಸವೆಲ್ಲಿ? ಮೋಸಗಾರ ತೇಪೆಯನ್ನು ಅಡಗಿಸುತ್ತಾನೆ. ಪ್ರಾಮಾಣಿಕ ಕಲಾವಿದ ತೇಪೆಯನ್ನು ತೋರಿಸುತ್ತಾನೆ. ಇಂದು ಯಂತ್ರಗಳೇ ಕ್ಷಣದಲ್ಲಿ ಸುಳ್ಳು ಚಿತ್ರ ಕಟ್ಟುತ್ತಿರುವಾಗ ಈ ಭೇದವನ್ನು ನಾವು ಮರೆಯಬಾರದು.

ಕೆಲಸವೇನೂ ಕಠಿಣವಲ್ಲ. ಅರಮನೆಯ ಚಿತ್ರವಿರುವ ಹಳೆಯ ಕಾರ್ಡೊಂದನ್ನು ತೆಗೆದುಕೊಳ್ಳಿ. ಅದು ಯಾರದೋ ಮನೆಯ ನೆನಪಾಗಿದ್ದರೆ ನಕಲು ಮಾಡಿಸಿ, ಮೂಲವನ್ನು ಕೆಡಿಸಬೇಡಿ. ಅರಮನೆಯ ಗೋಡೆಯನ್ನು ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ. ಬಣ್ಣ ಸವೆದು ಬಿಳಿಯ ಕಾಗದ ಕಾಣುವುದು. ಆ ಬಿಳುಪಿನಲ್ಲಿ ಕಲ್ಲು ಹೊತ್ತವರ ಚಿತ್ರವನ್ನು ಅಂಟಿಸಿ. ಅದರ ಮೇಲೆ ಮತ್ತೊಂದು ಪದರ: ಕೂಲಿಯ ಚೀಟಿ, ಪಡಿತರದ ಚೀಟಿ. ಉಜ್ಜಿದ ಗುರುತು, ಹರಿದ ಅಂಚು ಹಾಗೆಯೇ ಇರಲಿ. ನೋಡಿದವರು ಇದು ಜೋಡಿಸಿದ ಚಿತ್ರವೆಂದು ತಿಳಿಯಲಿ.

ಇನ್ನು ಮುಂದೆ ಯಾವ ಚಿತ್ರ ಕೈಗೆ ಬಂದರೂ ಕೇಳೋಣ: ಇದರಲ್ಲಿ ಯಾರಿಲ್ಲ? ಅವರನ್ನು ತೆಗೆದವರು ಯಾರು?